ಡೆಲ್ಮರ್ ಅವರ ಎಡಗಾಲಿನ ಸಮಾಧಿ

ಸರ್ಕಾರದ ಇನ್ಸ್‌ಪೆಕ್ಟರು ಟೇಪು ಹಿಡಿದು ನನ್ನ ಗಂಡನ ಎಡಗಾಲಿನ ಸಮಾಧಿ ಅಳೆಯಲು ಬಂದ ದಿನ ನಾನು ನಕ್ಕ ನಗೆಗೆ ಬೇಲಿಯ ಗೂಟವೊಂದು ಸಡಿಲವಾಯಿತು. ಸುಳ್ಳಲ್ಲ, ಅದನ್ನು ಹಿಡಿದುಕೊಂಡೇ ನಕ್ಕಿದ್ದೆ.

ನಗದಿದ್ದರೆ ಅಳಬೇಕಿತ್ತು. ಮಾವನವರ ಅಪ್ಪ ಓದು ಬಾರದ ಮನುಷ್ಯ. ನೆಲದ ಕೆಳಗಿನ ಕಲ್ಲಿದ್ದಲನ್ನು ಕಂಪನಿಗೆ ಬರೆದುಕೊಟ್ಟು, ಸಹಿಯ ಜಾಗದಲ್ಲಿ ಗೀಟು ಎಳೆದುಬಿಟ್ಟಿದ್ದ. ಆಗ ಕಲ್ಲಿದ್ದಲು ಅಂದರೆ ಸುರಂಗ. ಗುಡ್ಡದ ತಲೆಯನ್ನೇ ಬೋಳಿಸಿ ಮೇಲಿಂದ ಅಗೆಯುವ ಯಂತ್ರವನ್ನು ನಮ್ಮ ಕೆಂಟಕಿ ಸೀಮೆಯಲ್ಲಿ ಯಾರು ಕನಸು ಕಂಡಿದ್ದರು? ಈಗ ಅದೇ ಗೀಟು ಹಿಡಿದು ಕಂಪನಿ ನಮ್ಮ ಹಿತ್ತಲ ಗುಡ್ಡಕ್ಕೆ ಬಂದಿತ್ತು. ಗುಡ್ಡ ಹೋದರೆ ಬುಡದ ಒರತೆ ಬತ್ತುತ್ತದೆ, ನಾವು ಗಂಟುಮೂಟೆ ಕಟ್ಟಬೇಕು. ಹೋಗಲು ಇನ್ನೊಂದು ಜಾಗ ನಮಗಿರಲಿಲ್ಲ.

ಎರಡು ವರ್ಷದ ಹಿಂದೆ ಬಂದ ಹೊಸ ಕಾಯ್ದೆಯಲ್ಲಿ ಒಂದೇ ಒಂದು ದಾರಿಯಿತ್ತು. ಸ್ಮಶಾನದಿಂದ ನೂರು ಅಡಿಯೊಳಗೆ ಯಂತ್ರ ಇಳಿಯಕೂಡದು. ನಮ್ಮ ಗುಡ್ಡದ ನೆತ್ತಿಯೇ ಅರವತ್ತು ಅಡಿ ಅಗಲ, ಕಂಪನಿಯ ಲಾರಿಗಳಿಗೆ ಬೇರೆ ರಸ್ತೆಯಿಲ್ಲ. ನೆತ್ತಿಯ ಮೇಲೊಂದು ಸಮಾಧಿಯಿದ್ದರೆ ಇಡೀ ಗುಡ್ಡ ಉಳಿದಂತೆ. ಆದರೆ ಅಲ್ಲಿ ಮಲಗಿದ್ದದ್ದು ಡೆಲ್ಮರ್ ಅವರ ಕಾಲು ಮಾತ್ರ.

ಮೂವತ್ತು ವರ್ಷದ ಹಿಂದೆ ಸುರಂಗದ ಚಾವಣಿ ಕುಸಿದು ಹೋದ ಕಾಲು ಅದು. ಪೆಟ್ಟಿಗೆಯಲ್ಲಿಟ್ಟು, ಪಾದ್ರಿಯನ್ನು ಕರೆಸಿ, ಪ್ರಾರ್ಥನೆ ಹೇಳಿಸಿಯೇ ಹೂಳಿದ್ದೆವು. ಆಮೇಲೆ ಇಲ್ಲದ ಹೆಬ್ಬೆರಳು ಸೆಳೆಯತೊಡಗಿತು. ಒಳಗೆ ಕಾಲು ಮಡಚಿಕೊಂಡಿರಬೇಕೆಂದು ಮೈದುನ ಅಗೆದು ನೆಟ್ಟಗೆ ಮಲಗಿಸಿದ, ನೋವು ನಿಂತಿತು. ನಮ್ಮ ಕಡೆ ಇದನ್ನು ನಂಬದವರಿಲ್ಲ.

“ಮನುಷ್ಯರ ದೇಹ ಹೂಳಿದ ಜಾಗ ಅಂತಿದೆ ಕಾಯ್ದೇಲಿ. ಕಾಲು ದೇಹಾನಾ ಸಾಹೇಬ್ರೇ?” ಅಂದ ಇನ್ಸ್‌ಪೆಕ್ಟರ ಜೊತೆ ಬಂದಿದ್ದ ಕಂಪನಿಯ ಪ್ರೂಯಿಟ್. “ನಾಳೆ ಇವ್ರು ಉಗುರು ಕತ್ತರಿಸಿ ಊರೆಲ್ಲಾ ಬಿತ್ತುತಾರೆ! ಅಲ್ಲಾ, ಅದು ಇವರದೇ ಕಾಲು ಅಂತ ಏನು ಗ್ಯಾರಂಟಿ?”

“ಅಗೆದು ಹೆಬ್ಬೆರಳು ಹಿಂಡಿ ನೋಡಯ್ಯ, ನಾನಿಲ್ಲಿ ಕಿರುಚ್ತೀನಿ,” ಅಂದರು ಡೆಲ್ಮರ್.

ಅಗೆದರು. ಗುಂಡಿ ಅಗತ್ಯಕ್ಕಿಂತ ದೊಡ್ಡದೇ ಆಯಿತು. ಮೂಳೆ ಸಿಕ್ಕಿತು, ನೆಟ್ಟಗೇ ಇತ್ತು. ಪ್ರೂಯಿಟ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಊರುಗೋಲು ಬಿಸಾಕಿ, ಜಾರಿಕೊಂಡು ಇಳಿದು, ಕಾಲಿನ ಪಕ್ಕದಲ್ಲಿ ಉದ್ದಕ್ಕೆ ಮಲಗಿಬಿಟ್ಟರು.

“ತಗೋ, ಪೂರ್ತಿ ದೇಹ!”

“ಜೀವ ಇರೋರು ಲೆಕ್ಕಕ್ಕಿಲ್ಲ,” ಅಂದ ಪ್ರೂಯಿಟ್.

“ಒಂದ್ನಿಮಿಷ ಇರಪ್ಪ, ಕೊಡಲಿ ತರ್ತೀನಿ,” ಅಂದೆ ನಾನು.

“ಹರಿತ ಮಾಡ್ಕೊಂಡು ತಾರೇ ಓವಾ!” ಅಂತ ನನ್ನ ಹೆಸರು ಹಿಡಿದು ಗುಂಡಿಯಿಂದ ದನಿ ಬಂತು. ಗೂಟ ಸಡಿಲವಾದದ್ದು ಆಗಲೇ.

ಇನ್ಸ್‌ಪೆಕ್ಟರ್ ಫ್ಯುಗೇಟ್ ಮಾತ್ರ ನಗಲಿಲ್ಲ. ಬಡಕಲು ಮನುಷ್ಯ, ಕಾಯ್ದೆಯ ಪುಸ್ತಕವನ್ನು ಹಿಂದೆ ಮುಂದೆ ತಿರುವುತ್ತಲೇ ಇದ್ದ.

“ದೇಹ ಎಷ್ಟಿರ್ಬೇಕು ಅಂತ ಎಲ್ಲೂ ಬರ್ದಿಲ್ಲ,” ಅಂದು, ಫಾರಂ ತುಂಬಿಸಿ ಗಟ್ಟಿಯಾಗಿ ಓದಿದ. “ಸ್ಮಶಾನ. ಹೂಳಲ್ಪಟ್ಟವರು: ಒಬ್ಬರು. ಸದ್ಯಕ್ಕೆ ಭಾಗಶಃ.”

ಸುತ್ತಲೂ ನೂರು ಅಡಿ ಅಳೆದು ಬಾವುಟ ನೆಟ್ಟ. ಪ್ರೂಯಿಟ್ ಟೋಪಿ ನೆಲಕ್ಕೆ ಬಡಿದು ಗುಡ್ಡ ಇಳಿದು ಹೋದ.

ಡೆಲ್ಮರ್ ಇನ್ನೂ ಮಲಗೇ ಇದ್ದರು. “ಸಾಹೇಬ್ರೇ, ಬಾಕಿ ಭಾಗ ಯಾವತ್ತಿನೊಳಗೆ ತಂದು ಒಪ್ಪಿಸ್ಬೇಕು?”

ಫ್ಯುಗೇಟ್ ಪುಸ್ತಕ ಮುಚ್ಚಿ ಬಗ್ಗಿ ಕೈ ಚಾಚಿದ. “ಅದಕ್ಕೆ ಗಡುವಿಲ್ಲ ಯಜಮಾನ್ರೇ. ನಿಧಾನಕ್ಕೆ ಬನ್ನಿ.”

ಆಗ ನನಗೆ ಅಳು ಬಂತು, ಬರೀ ಸಂತೋಷಕ್ಕೆ. ಇಬ್ಬರೂ ಸೇರಿ ನಮ್ಮವರನ್ನು ಮೇಲಕ್ಕೆಳೆದುಕೊಂಡೆವು. ಕಾಲನ್ನು ಮಾತ್ರ ಅಲ್ಲೇ ಬಿಟ್ಟೆವು.