ಇಕ್ಕಳದ ಕೈ

"ಕಣ್ಣು ಮುಚ್ಕೊಳ್ಳಿ. ಪೆನ್ನು ಎಲ್ಲಿ ಮುಟ್ಟುತ್ತೋ ಅಲ್ಲಿ ಬೆರಳಿಟ್ಟು ತೋರಿಸಿ," ಎಂದಿದ್ದರು ಡಾಕ್ಟರಮ್ಮ. ಅವನು ಬಲಗೈ ಚಾಚಿ ಕೂತ. ಕಾದು ಕಾದು ಬೇಸತ್ತ.

"ಶುರು ಮಾಡಿ ತಾಯಿ, ಭಟ್ಟಿ ಹೊತ್ತಿಸೋ ಹೊತ್ತಾಯ್ತು."

"ಮುಗೀತು."

ಕಣ್ಣು ಬಿಟ್ಟರೆ ಕಿರುಬೆರಳಿನಿಂದ ಮೊಣಕೈವರೆಗೆ ನೀಲಿ ಚುಕ್ಕೆ, ಇರುವೆ ಸಾಲಿನ ಹಾಗೆ.

"ಇದಕ್ಕೆ ಸ್ಪರ್ಶನಾಶ ಅಂತೀವಿ," ಎಂದರು ಡಾಕ್ಟರಮ್ಮ. "ಬಿಸಿ, ನೋವು, ಮುಟ್ಟಿದ್ದು ಯಾವುದೂ ಚರ್ಮಕ್ಕೆ ತಿಳಿಯಲ್ಲ. ನಿಮಗಿರೋದು ಕುಷ್ಠ."

"ನಾವು ಜೋಮು ಅಂತೀವಿ, ಅಷ್ಟೆ."

"ಜೋಮು ಕೈ ಕೊಡವಿದ್ರೆ ಹೋಗುತ್ತೆ. ಇದು ಹಾಗಲ್ಲ. ಮಾತ್ರೆಗೆ ರೋಗ ವಾಸಿಯಾಗುತ್ತೆ, ನುಂಗ್ತಾ ಇದ್ರೆ ಯಾರಿಗೂ ಅಂಟಲ್ಲ. ಆದ್ರೆ ಸತ್ತ ನರ ಏಳೋದು ಕಷ್ಟ. ಬರಿಗೈಲಿ ಬಿಸಿ ಮುಟ್ಬೇಡಿ. ಸುಟ್ಟಿದ್ದೇ ಗೊತ್ತಾಗದೆ ಬೆರಳು ಕೊಳೆಯುತ್ತೆ."

ಅವನಿಗೆ ಕಹಿಯಾದ ನಗು ಬಂತು. ಬೇಕರಿಯಲ್ಲಿ ಅವನ ಹೆಸರೇ ಇಕ್ಕಳ. ಭಟ್ಟಿಯ ಟ್ರೇ ಬರಿಗೈಲಿ ಎಳೆಯುವ ಗಂಡಸು ಅವನೊಬ್ಬನೇ ಎಂದು ಯಜಮಾನ ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದ. ಅಲ್ಲಿನ ಇಕ್ಕಳ ಮುರಿದು ಯಾವ ಕಾಲವಾಯಿತೋ! ಯಜಮಾನ ಹೊಸದು ತರಲಿಲ್ಲ. ಇವನಿದ್ದನಲ್ಲ.

ಆದರೆ ಇದೇ ಯಜಮಾನ, ತುರಿಕಜ್ಜಿ ಬಂದದ್ದಕ್ಕೇ ಹಿಟ್ಟು ನಾದುವವನನ್ನು ಕತ್ತು ಹಿಡಿದು ಆಚೆ ದಬ್ಬಿದವನು. ಕುಷ್ಠ ಎಂದು ಗೊತ್ತಾದರೆ ಈ ಬೇಕರಿ ಹಾಗಿರಲಿ, ಇನ್ಯಾವ ಭಟ್ಟಿಯ ಹತ್ತಿರವೂ ಸೇರಿಸುವುದಿಲ್ಲ. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ನೇರ ಬೇಕರಿಗೆ ಬಂದು, ಅವನು ಕೈಗೆ ಗೋಣಿಚೂರು ಸುತ್ತಿಕೊಂಡು ಭಟ್ಟಿಯ ಮುಂದೆ ನಿಂತ. ಯಜಮಾನ ತನ್ನ ಷಡ್ಡಕನನ್ನು ಕರೆದುಕೊಂಡು ಬಂದ.

"ಏನೋ ಇಕ್ಕಳ, ಮದುಮಗಳ ಥರ ಕೈ ಮುಚ್ಕೊಂಡಿದ್ದೀಯ? ಇವರು ನಿನ್ನ ನೋಡೋಕೇ ಬಂದಿರೋದು. ಬಿಚ್ಚೋ!" ಗೋಣಿಯನ್ನು ತಾನೇ ಕಿತ್ತೆಸೆದ. "ಅದೇನೋ ಶಾಯಿ?"

"ಮಗಳು ಗೀಚಿದ್ಲು ಯಜಮಾನ್ರೇ."

ಬೇರೆ ದಾರಿಯಿರಲಿಲ್ಲ. ಟ್ರೇ ಎಳೆದು ಎತ್ತಿ ಹಿಡಿದ. ಬನ್ನಿನ ಪರಿಮಳದೊಳಗೆ ಕೂದಲು ಸುಟ್ಟ ವಾಸನೆ ಸಣ್ಣಗೆ ಬೆರೆತಿತ್ತು. ಯಜಮಾನ ಚಪ್ಪಾಳೆ ತಟ್ಟಿದ.

ಷಡ್ಡಕ ಹಲ್ಲು ಕಿರಿದ. "ಭಾವ, ಹೀಗೆ ಸುಡದೇ ಇರೋದು ದೊಡ್ಡರೋಗದೋರಿಗಂತೆ! ನೋಡ್ಕೊಳ್ಳಿ ಮತ್ತೆ."

ಯಜಮಾನನೂ ನಕ್ಕ. ಆದರೆ ನಗು ಅರ್ಧಕ್ಕೇ ನಿಂತಿತು. ಕಣ್ಣು ಇಕ್ಕಳನ ಕೈಗೆ ಇಳಿಯಿತು, ನೀಲಿ ಚುಕ್ಕೆಗಳ ಮೇಲೆ ಹರಿಯಿತು.

"ಅಯ್ಯಮ್ಮಾ!" ಇಕ್ಕಳ ಚೀರಿದ.

ಟ್ರೇ ನೆಲಕ್ಕೆ ಬಿತ್ತು. ಬನ್ನುಗಳು ಉರುಳಿ ಬೂದಿಗೆ ಹೋದವು. ಅವನು ಕೈ ಕೊಡವುತ್ತ ಕುಣಿದ.

"ಥೂ ನಿನ್ನ! ಸುಡ್ತೇನೋ?" ಎಂದು ಯಜಮಾನ ಬೈದ. ಬೈಗುಳದಲ್ಲಿ ನಿರಾಳವಿತ್ತು. "ಮುದುಕ ಆದೆ ಬಿಡು. ಬನ್ನಿನ ದುಡ್ಡು ಸಂಬಳದಲ್ಲಿ ಹಿಡೀತೀನಿ."

"ಸುಡ್ತು ಯಜಮಾನ್ರೇ. ತುಂಬಾ ಸುಡ್ತು."

ಇಬ್ಬರೂ ಅಲ್ಲೇ ನಿಂತು ನೋಡುತ್ತಿದ್ದರು. ಅವನು ಕೈಯನ್ನು ಬಾಯಿಯ ಹತ್ತಿರ ತಂದ. ಯಾವ ಬೆರಳು ಸುಟ್ಟಿದೆಯೋ ತಿಳಿಯದೆ, ಒಂದೊಂದಾಗಿ ಐದಕ್ಕೂ ಊದತೊಡಗಿದ.