ಮಾರನೆಯ ದಿನದ ಮಾತು

ಕರಡಿಸಂದ್ರದ ಶಾಲೆಯ ಅಂಗಳಕ್ಕೆ ಆ ಶುಕ್ರವಾರ ಸರ್ಕಾರ ಬಂದಿತ್ತು. ಸರ್ಕಾರವೆಂದರೆ ಒಂದು ಜೀಪು, ಒಂದು ಬಿಳಿ ಅಂಬಾಸಿಡರ್ ಕಾರು, ಬಾಡಿಗೆ ಮೈಕು, ಶಾಮಿಯಾನದ ಎರಡು ಕಂಬಗಳ ನಡುವೆ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತ ಬಟ್ಟೆಯ ಬೋರ್ಡು. ಅದರ ಮೇಲೆ ತಮಿಳಿನಲ್ಲಿ 'ಕರುತ್ತು ಕೇಟ್ಪು ಕೂಟ್ಟಂ' ಎಂದು ಬರೆದಿತ್ತು. ಜನರ ಅಭಿಪ್ರಾಯ ಕೇಳುವ ಸಭೆ ಎಂದರ್ಥ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿ ನಾಲ್ಕು ಪಥವಾಗುವುದಿತ್ತು. ಆ ಬಗ್ಗೆ ಊರಿನವರಿಗೆ ಏನನ್ನಿಸುತ್ತದೆಂದು ಕೇಳಲು ಭೂಸ್ವಾಧೀನದ ಅಧಿಕಾರಿ ಮೇಡಂ ಕೃಷ್ಣಗಿರಿಯಿಂದ ಬಂದಿದ್ದರು. ಅವರದು ತಮಿಳು, ಊರಿನದು ಕನ್ನಡ. ನಡುವೆ ನಿಲ್ಲಲು ಉಷಾರಾಣಿ ಬೇಕಾಗಿದ್ದಳು.

ಉಷಾರಾಣಿಯ ಅಪ್ಪ ಮಾಗಡಿ ಕಡೆಯಿಂದ ಹೊಸೂರಿನ ಫ್ಯಾಕ್ಟರಿಗೆ ಬಂದವರು, ಮನೆ ಮಾಡಿದ್ದು ಪಕ್ಕದ ಮತ್ತಿಗಿರಿಯಲ್ಲಿ. ಅವಳಿಗೆ ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಬೀದಿಯಲ್ಲಿ ತೆಲುಗು. ಆ ಮೂರರ ದೆಸೆಯಿಂದಲೇ ರಸ್ತೆ ಸರ್ವೆ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಆದರೆ ಅವಳ ತಲೆಯೊಳಗೆ ಬಹುಪಾಲು ಜಾಗವನ್ನು ಅಜ್ಜಿಯ ಕತೆಗಳು ಹಿಡಿದಿದ್ದವು. ಆ ಕತೆಗಳಲ್ಲಿ ರಾಜ ಡಂಗುರ ಹೊಡೆಸಿ ಕೇಳಿದರೆ ಸಾಕು, ಅಗಸಗಿತ್ತಿಯಿಂದ ಹಿಡಿದು ಆಲದ ಮರದ ಗಿಳಿಯವರೆಗೆ ಎಲ್ಲರೂ ನಾ ಮುಂದು ತಾ ಮುಂದು ಎಂದು ಬಾಯಿ ಬಿಡುತ್ತಿದ್ದರು. ಇಲ್ಲಿಯೂ ಹಾಗೇ ಆಗುತ್ತದೆಂದು ಅವಳು ಎರಡು ಪೆನ್ನು ತಂದಿದ್ದಳು.

ಕಂಪನಿಯ ಎಂಜಿನಿಯರ್ ಕಿರಣ್‌ಕುಮಾರ್ ನಕ್ಷೆ ಬಿಡಿಸಿ ತೋರಿಸಿದ. ರಸ್ತೆಯ ನಡುವೆ ಗೋಡೆ ಬರುತ್ತದೆ, ಈಗಿನಂತೆ ಎಲ್ಲೆಂದರಲ್ಲಿ ದಾಟುವಂತಿಲ್ಲ. ದಾಟಲು ಮಾವಿನ ತಿರುಳಿನ ಫ್ಯಾಕ್ಟರಿಯ ಗೇಟಿನ ಬಳಿ ಒಂದು ಅಂಡರ್‌ಪಾಸ್ ಇರುತ್ತದೆ. ಅವನ ಮಾತಿನ ಜೊತೆಗೇ ಉಷಾರಾಣಿಯ ಕಣ್ಣು ಶಾಲೆಯ ಹಿಂದಿನಿಂದ ಹೊರಟ ಕಾಲುದಾರಿಯ ಮೇಲೆ ಬಿತ್ತು. ಅದು ನೇರ ಹೆದ್ದಾರಿಗೆ ಬಂದು, ಲಾರಿಗಳ ಹೊಗೆಯೊಳಗೆ ಮುಳುಗಿ, ಆಚೆ ದಡದಲ್ಲಿ ಎದ್ದು ಕೆರೆಯ ಕಡೆಗೆ ಹೋಗುತ್ತಿತ್ತು. ಊರು ಈಚೆ. ಕೆರೆ, ಗದ್ದೆ, ಸ್ಮಶಾನ ಎಲ್ಲ ಆಚೆ. ಫ್ಯಾಕ್ಟರಿ ಗೇಟಿಗೋ, ಒಂದೂವರೆ ಮೈಲಿ.

"ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಹೇಳಿ. ಏನು ಬೇಕಾದ್ರೂ ಹೇಳಬಹುದು," ಎಂದು ಮೇಡಂ ಕೇಳಿದ್ದನ್ನು ಅವಳು ಮೈಕಿನಲ್ಲಿ ಕನ್ನಡಿಸಿದಳು.

ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಊರಿನ ಹಿರಿಯ ಮುತ್ತರಾಯಪ್ಪ ಕೋಲಿನ ತುದಿಗೆ ಗದ್ದ ಊರಿ ಕುಳಿತಿದ್ದ. ಹಿಂದೆ ಹೆಂಗಸರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಅವಳನ್ನೇ ನೋಡುತ್ತಿದ್ದರು. ತೂಕಡಿಸುವ ನೋಟವಲ್ಲ ಅದು. ಕತೆ ಕೇಳುವವರು ಹೂಂಗುಟ್ಟುವುದನ್ನೂ ಮರೆತು ಕುಳಿತಾಗಿನ ನೋಟ. ಮೇಡಂ ಇನ್ನೊಮ್ಮೆ ಕೇಳಿದರು. ಮೈಕು ಕೊಂಯ್ ಎಂದಿತು, ಅಷ್ಟೆ. ಟೀ ಬಂತು, ಕುಡಿದರು. ಹೊರಡುವಾಗ ಮುತ್ತರಾಯಪ್ಪ ಎದ್ದು ಕೈ ಮುಗಿದ.

"ಆಯ್ತು ತಾಯಿ, ಕೇಳಿಸ್ಕೊಂಡ್ವಿ."

ಕಾರಿನಲ್ಲಿ ಕಿರಣ್‌ಕುಮಾರ್ ಕಾಲು ಚಾಚಿ ಉಸಿರು ಬಿಟ್ಟ. "ಬರ್ಕೋಮ್ಮ. ಕರಡಿಸಂದ್ರ, ಆಕ್ಷೇಪಣೆ ಇಲ್ಲ. ದೇವರಂಥ ಜನ. ಮೊನ್ನೆ ಹೋದ ಊರಲ್ಲಿ ನನ್ನ ಅಂಗಿ ಹರಿಯೋದೊಂದು ಬಾಕಿ ಇತ್ತು."

ಉಷಾರಾಣಿ ಬರೆದುಕೊಂಡಳು. ಎರಡನೆಯ ಪೆನ್ನಿನ ಮುಚ್ಚಳ ತೆಗೆಯುವ ಪ್ರಮೇಯವೇ ಬರಲಿಲ್ಲ.

ಶನಿವಾರ ಬೆಳಿಗ್ಗೆ ಹೊಸೂರಿನ ಆಫೀಸಿನಲ್ಲಿ ಅದೇ ಸಾಲನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾಗ ಫೋನು ಬಂತು. ಕಾಯಿನ್ ಬಾಕ್ಸಿನಿಂದ ಯಾರೋ ಕೂಗುತ್ತಿದ್ದರು.

"ಯಾರು, ಆ ಮೈಕಿನ ಹುಡ್ಗೀನಾ? ಎಲ್ಲಿದ್ದೀರವ್ವಾ? ಎಲ್ರೂ ಬಂದ್ ಕುಂತ್ಬುಟ್ಟವ್ರೆ. ನೀವೇ ಇಲ್ಲ!"

"ಎಲ್ಲಿ ಕೂತಿದ್ದಾರೆ?"

"ಇನ್ನೆಲ್ಲಿ, ಶಾಲೆ ತಾವ. ಬಿರ್‍ನೆ ಬನ್ನಿ, ಬಿಸ್ಲು ಏರ್‍ತಾ ಐತೆ."

ಅವಳಿಗೆ ಏನೂ ತಿಳಿಯಲಿಲ್ಲ. ಕಿರಣ್‌ಕುಮಾರ್ ಸೈಟಿಗೆ ಹೋಗಿದ್ದ. ಅರ್ಧ ದಿನದ ರಜೆ ಚೀಟಿ ಬರೆದಿಟ್ಟು ಕೃಷ್ಣಗಿರಿ ಬಸ್ಸು ಹತ್ತಿದಳು.

ಶಾಮಿಯಾನವಿಲ್ಲದ ಅಂಗಳದಲ್ಲಿ, ಹಿಂದಿನ ದಿನ ಯಾರ್‍ಯಾರು ಎಲ್ಲೆಲ್ಲಿ ಕುಳಿತಿದ್ದರೋ ಅಲ್ಲಲ್ಲೇ ಕುಳಿತಿದ್ದರು. ಎದುರಿಗೆ ಯಾರದೋ ಮನೆಯ ಮರದ ಕುರ್ಚಿ, ಅದರ ಮೇಲೆ ಮಡಿಸಿಟ್ಟ ಟವೆಲು. ಮೇಡಂಗೆಂದು ಹಾಕಿದ್ದು. ಅವಳು ಒಬ್ಬಳೇ ಬಸ್ಸಿನಿಂದ ಇಳಿದು ಬಂದದ್ದನ್ನು ಕಂಡು ಅಂಜಮ್ಮ ಎಂಬ ಗಟ್ಟಿಗಿತ್ತಿ ಸೊಂಟಕ್ಕೆ ಕೈಕೊಟ್ಟಳು.

"ಏನವ್ವಾ, ಕೇಳೋಕ್ ಮಾತ್ರ ಕಾರಲ್ಲಿ ಬತ್ತಾರೆ, ಹೇಳೋ ಹೊತ್ಗೆ ಯಾರೂ ಬರಾಕಿಲ್ವಾ?"

"ಸಭೆ ನಿನ್ನೆಗೇ ಮುಗೀತಲ್ಲಮ್ಮ," ಎಂದಳು ಉಷಾರಾಣಿ. "ಯಾರೂ ಏನೂ ಹೇಳಲಿಲ್ಲ, ಅದಕ್ಕೆ ಒಪ್ಪಿಗೆ ಅಂತ ಬರ್ಕೊಂಡ್ವಿ."

"ಒಪ್ಗೆನಾ?" ಮುತ್ತರಾಯಪ್ಪನ ಗದ್ದ ಕೋಲಿನಿಂದ ಮೇಲೆದ್ದಿತು. "ಕೇಳಿದ್ ದಿನ್ವೇ ಹೇಳಾಕೆ ಇದೇನು ಸಂತೇಲಿ ಬದ್ನೇಕಾಯಾ? ಮಾತು ಅಂದ್ರೆ ಮನೇಗ್ ಒಯ್ಬೇಕು ಕಣವ್ವಾ. ಮನೇಲ್ ಹಾಸಿಗೆ ಹಿಡ್ದಿರೋ ಮುದುಕ್ರಿರ್‍ತಾರೆ, ಅವ್ರ್ ಕಿವೀಗೂ ಹಾಕ್ಬೇಕು. ಒಂದ್ ನಿದ್ದೆ ಮಾಡ್ಬೇಕು. ಆಮೇಲ್ ತಾನೆ ಬಾಯ್ ಬಿಡೋದು?"

ಆ ಊರಿನ ನ್ಯಾಯ ಪಂಚಾಯ್ತಿ ಹಿಂದಿನಿಂದಲೂ ಹಾಗೆಯೇ ಎಂದು ಅವನು ಹೇಳಿದ. ಅವನ ತಾತನ ಕಾಲದಲ್ಲಿ ಬದುವಿನ ಜಗಳದ ಬಗ್ಗೆ ಪಂಚಾಯ್ತಿ ಕೇಳಿದ ಕೂಡಲೇ ಅಣ್ಣತಮ್ಮಂದಿರಿಬ್ಬರು ಉತ್ತರ ಕೊಡಲು ಹೋಗಿ, ಒಂದು ಮಾತಿಗೆ ಇನ್ನೊಂದು ಬೆಳೆದು, ಮಚ್ಚಿನವರೆಗೆ ಹೋಗಿತ್ತು. ಅಲ್ಲಿಂದ ಈಚೆಗೆ ಇಟ್ಟ ಮಾತನ್ನು ಅದೇ ದಿನ ಯಾರೂ ಎತ್ತುವುದಿಲ್ಲ.

ಆಮೇಲೆ ಅವರು ಮಾತನಾಡಿದರು. ಅದೆಂಥ ಮಾತು! ರಸ್ತೆ ಬರಲಿ, ನಮಗೂ ಇನ್ನಷ್ಟು ಬಸ್ಸು ಬೇಕು ಎಂದರು. ಆದರೆ ದಾಟುವ ದಾರಿ ಕೆರೆಯ ಕಾಲುದಾರಿಯಲ್ಲೇ ಆಗಬೇಕು. ದನ ಒಂದೂವರೆ ಮೈಲಿ ಹೋಗಿ ಒಂದೂವರೆ ಮೈಲಿ ಬಂದರೆ ಕುಡಿದ ನೀರು ಹೊಟ್ಟೆಯಲ್ಲಿ ಇರುತ್ತದಾ ಎಂದಳು ಅಂಜಮ್ಮ. ಮುನಿಯಲ್ಲಪ್ಪ ಎಂಬವನು, ಹತ್ತಿರ ದಾರಿ ಇಲ್ಲವಾದರೆ ಜನ ಗೋಡೆ ಹಾರುತ್ತಾರೆ, ಮೊದಲು ಹಾರುವವನು ನಾನೇ, ಮೊದಲು ಸಾಯುವವನೂ ನಾನೇ ಎಂದು ನಗಿಸಿದ. ಉಷಾರಾಣಿ ಎರಡೂ ಪೆನ್ನುಗಳಲ್ಲಿ ಬರೆದಳು. ಬರೆಯುತ್ತ ಬರೆಯುತ್ತ ಅವಳಿಗೆ, ಹಿಂದಿನ ದಿನ ತಾನು ಇವರ ಮೌನವನ್ನು ತಮಿಳಿಗೆ ತಂದ ರೀತಿ ನೆನಪಾಯಿತು.

ಸಂಜೆ ಸೈಟಿನಿಂದ ಮರಳಿದ ಕಿರಣ್‌ಕುಮಾರ್ ಎಲ್ಲ ಕೇಳಿ ಹಣೆ ಉಜ್ಜಿಕೊಂಡ. ಕೆಟ್ಟವನಲ್ಲ. ಆದರೆ ವರದಿ ಬರುವ ಶುಕ್ರವಾರ ಚೆನ್ನೈಗೆ ಹೋಗಬೇಕಿತ್ತು, ಅಂಡರ್‌ಪಾಸ್ ಸರಿದರೆ ಅದರ ಜೊತೆ ಅರ್ಧ ನಕ್ಷೆಯೂ ಸರಿಯಬೇಕಿತ್ತು.

"ಉಷಾ, ಮೇಡಂ ಕುರ್ಚಿಯಿಂದ ಎದ್ದರು ಅಂದ್ರೆ ಸಭೆ ಮುಗೀತು. ಊರಿಗೊಂದು ಪದ್ಧತಿ ಅಂತ ಕಾಯ್ತಾ ಕೂತ್ರೆ ರಸ್ತೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಆಗುತ್ತೆ."

"ಸರ್, ಪ್ರಶ್ನೇನ ಕನ್ನಡಕ್ಕೆ ತಂದೋಳು ನಾನು. ಅವರ ಉತ್ತರ ಇನ್ನೂ ತಮಿಳಿಗೆ ಹೋಗಿಲ್ಲ. ನನ್ನ ಕೆಲಸ ಅರ್ಧಕ್ಕೇ ನಿಂತಿದೆ," ಎಂದಳು ಉಷಾರಾಣಿ. ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಮೇಲಿನವರ ಎದುರು ಇಷ್ಟು ಉದ್ದ ಮಾತನಾಡಿ ಅಭ್ಯಾಸವಿರಲಿಲ್ಲ.

ಅವನು ನಕ್ಷೆಯನ್ನು ಸುರುಳಿ ಸುತ್ತಿಟ್ಟ. "ಸೋಮವಾರ ಮೇಡಂ ಜನರ ದೂರು ಕೇಳ್ತಾರೆ. ಹೋಗು. ನಾನು ಅಡ್ಡ ಬರಲ್ಲ. ಕಳಿಸಿದ್ದು ಯಾರು ಅಂದ್ರೆ ಮಾತ್ರ ನನ್ನ ಹೆಸರೆತ್ತಬೇಡ ತಾಯಿ."

ಸೋಮವಾರ ಕೃಷ್ಣಗಿರಿಯ ಕಚೇರಿಯ ವರಾಂಡದಲ್ಲಿ ದೂರು ತಂದವರ ಸಾಲು, ಊರ ಮೇಲಿನ ಕೋಟೆ ಬೆಟ್ಟದ ನೆರಳಿನಷ್ಟೇ ನಿಧಾನವಾಗಿ ಸರಿಯಿತು. ಬೆಂಚಿನ ಮೇಲೆ ಕುಳಿತು ಉಷಾರಾಣಿ ಅಂಜಮ್ಮನ ಮಾತು, ಮುನಿಯಲ್ಲಪ್ಪನ ಮಾತು ಒಂದೊಂದನ್ನೇ ತಮಿಳಿನಲ್ಲಿ ಹೇಳಿ ನೋಡಿಕೊಂಡಳು. ದನದ ಹೊಟ್ಟೆಯ ನೀರಿನ ವಿಷಯ ಕಚೇರಿಯ ಗೋಡೆಗಳ ನಡುವೆ ಹಾಸ್ಯವಾಗಿ ಕೇಳಿಸಬಹುದೆಂಬ ಅಂಜಿಕೆ. ಬಿಟ್ಟುಬಿಡಲೇ ಎಂದುಕೊಂಡಳು. ಹೆಸರು ಕೂಗಿದಾಗ ಒಳಗೆ ಹೋಗಿ, ಬಿಡದೆ ಎಲ್ಲ ಹೇಳಿದಳು.

ಮೇಡಂ ನಗಲಿಲ್ಲ. "ಇದನ್ನೆಲ್ಲ ಶುಕ್ರವಾರ ಯಾಕೆ ಹೇಳಲಿಲ್ಲ? ನಾನು ಎರಡು ಸಲ ಕೇಳಿದೆ."

ಉಷಾರಾಣಿ ಊರಿನ ಕ್ರಮ ವಿವರಿಸಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹತ್ತಾರು ಊರುಗಳ ಹೆಸರು ಅವರ ಕಣ್ಣ ಮುಂದೆ ಹಾದುಹೋದಂತಿತ್ತು. ಎಲ್ಲೆಲ್ಲಿ ಜನ ಸುಮ್ಮನಿದ್ದರು, ಎಲ್ಲೆಲ್ಲಿ ತಾವು ಸಹಿ ಹಾಕಿದ್ದರು ಎಂದು ಲೆಕ್ಕ ಹಾಕುತ್ತಿದ್ದರೋ ಏನೋ.

"ಸರಿ. ಅಲ್ಲಿಗೇ ತಂದರೆ ದಾರಿ ರಸ್ತೆಯ ಕೆಳಗೆ ಇಳಿಯಬೇಕು. ಇಳಿಯಲು ಊರಿನ ಬದಿಯಲ್ಲಿ ಯಾರದೋ ಜಾಗ ಹೋಗಲೇಬೇಕು. ಯಾರು ಕೊಡುತ್ತಾರೆ? ಗುರುವಾರ ಬಂದು ಕೇಳುತ್ತೇನೆ, ಅಲ್ಲೇ ಹೇಳಬೇಕು. ನನಗೆ ಇರುವುದು ಅದೊಂದು ದಿನ. ಅಂದೂ ಸುಮ್ಮನಿದ್ದರೆ ವರದಿ ಇದ್ದ ಹಾಗೇ ಹೋಗುತ್ತದೆ."

ಉಷಾರಾಣಿಗೆ ಗುರುವಾರದ ಅಂಗಳ ಕಣ್ಣಿಗೆ ಕಟ್ಟಿತು: ಕೋಲಿಗೆ ಊರಿದ ಗದ್ದ, ಬೆರಳಿಗೆ ಸುತ್ತಿದ ಸೆರಗು, ಕೊಂಯ್ ಎನ್ನುವ ಮೈಕು. ಬಾಗಿಲವರೆಗೆ ಹೋದವಳು ತಿರುಗಿದಳು.

"ಮೇಡಂ, ಈ ಪ್ರಶ್ನೆಯನ್ನು ನಾನು ಬುಧವಾರವೇ ಹೋಗಿ ಕೇಳಿ ಬರಲಾ? ನೀವು ಗುರುವಾರ ಉತ್ತರ ಕೇಳೋಕೆ ಬನ್ನಿ."

ಮೇಡಂ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಸರ್ಕಾರದ ಪರವಾಗಿ ನೀನು ಕೇಳುತ್ತೀಯಾ?" ಎಂದು ಈ ಸಲ ನಕ್ಕೇಬಿಟ್ಟರು. "ಕೇಳು, ಹೋಗು."

ಬುಧವಾರ ಮೈಕು ಇರಲಿಲ್ಲ. ಶಾಲೆಯ ಅಂಗಳದಲ್ಲಿ ನಿಂತು ಉಷಾರಾಣಿ ದನಿ ಎತ್ತರಿಸಿ ಕೇಳಿದಳು: ಕೆರೆ ದಾರಿಗೆ ಸುರಂಗ ಬರಬೇಕಾದರೆ ಈಚೆ ಬದಿಯಲ್ಲಿ ಜಾಗ ಬೇಕು; ಸರ್ಕಾರ ಕೊಡುವ ಪರಿಹಾರ ತೀರ ಕಡಿಮೆ, ಅದನ್ನೂ ಮುಚ್ಚಿಡುವುದಿಲ್ಲ; ಯಾರು ಬಿಟ್ಟುಕೊಡುತ್ತೀರಿ? ಮೇಡಂ ನಾಳೆ ಉತ್ತರ ಕೇಳಲು ಬರುತ್ತಾರೆ. ಒಬ್ಬರೂ ಉಸಿರೆತ್ತಲಿಲ್ಲ. ಈ ಮೌನ ಏನೆಂದು ಈಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಭಯ ಕಡಿಮೆಯಾಗಲಿಲ್ಲ. ದಾರಿ ಎಲ್ಲರಿಗೂ ಬೇಕು, ನೆಲ ಕೊಡುವುದು ಮಾತ್ರ ಯಾವುದೋ ಒಂದು ಮನೆ. ಯಾರಾದರೂ ಯಾಕೆ ಕೊಡಬೇಕು? ಅಂಜಮ್ಮ ತಂದಿತ್ತ ಮಜ್ಜಿಗೆ ಕುಡಿದು, ಯಾರ ಮುಖವನ್ನೂ ಓದಲು ಹೋಗದೆ ಬಸ್ಸು ಹತ್ತಿದಳು.

ಗುರುವಾರ ಮೇಡಂ ಜೀಪಿನಲ್ಲಿ ಬಂದರು, ಹಿಂದೆ ಗೂಟ, ಸುತ್ತಿಗೆ, ಹಳದಿ ಬಣ್ಣದ ಡಬ್ಬಿಯೊಂದಿಗೆ ಕಿರಣ್‌ಕುಮಾರ್. ಮೇಡಂ ಕುರ್ಚಿಯಲ್ಲಿ ಕುಳಿತರು. ಮುತ್ತರಾಯಪ್ಪ ಎದ್ದ.

"ಬೇಸ್ತವಾರ ಬತ್ತೀನಿ ಅಂದಿದ್ರಿ, ಬಂದ್ರಿ. ಸಂತೋಸ. ಜಾಗುದ್ ಮಾತು ನಾನ್ ಹೇಳೋದಲ್ಲ. ನಂದು ಆ ಕಡೆ ಒಂದ್ ಗೇಣೂ ಇಲ್ಲ."

ಅವನು ಕುಳಿತುಬಿಟ್ಟ. ಉಷಾರಾಣಿ ಅಷ್ಟನ್ನು ತಮಿಳಿಗೆ ತಂದಳು. ಮುಂದೆ ತರಲು ಏನೂ ಇರಲಿಲ್ಲ. ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು. ಮೇಡಂ ಗಡಿಯಾರದ ಕಡೆಗೆ ನೋಡಿದರು.

ಆಗ ಹೆಂಗಸರ ಕೊನೆಯ ಸಾಲಿನಿಂದ ಒಬ್ಬ ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು. ಅವಳು ಭದ್ರಮ್ಮ, ಕಾಲುದಾರಿಯ ಪಕ್ಕದ ಒಕ್ಕಣೆ ಕಣ ಅವಳದು.

"ನನ್ ಕಣ ತಕ್ಕಳ್ರವ್ವಾ," ಎಂದಳು. "ಒಕ್ಕೋಕೆ ಅಂಜಮ್ಮನ್ ಕಣ ಐತೆ, ಬೈಕಂಡಾದ್ರೂ ಕೊಡ್ತಾಳೆ."

"ಬೈಯ್ದಲೆ ಕೊಟ್ರೆ ನಿಂಗ್ ಒಗ್ಗಾಕಿಲ್ಲ," ಎಂದು ಅಂಜಮ್ಮ ಕುಳಿತಲ್ಲಿಂದಲೇ ಹೇಳಿದಳು.

ಭದ್ರಮ್ಮ ಅತ್ತ ಗಮನ ಕೊಡಲಿಲ್ಲ. "ನಮ್ ಯಜಮಾನ್ರುನ್ನ ರಸ್ತೆ ಆಚೆ ಮಣ್ ಮಾಡೈತೆ. ನನ್ನೂ ಅಲ್ಗೇ ಒಯ್ಯೋದು. ಆ ಮಾವಿನಕಾಯ್ ಗೇಟ್ ಸುತ್ತಾಕ್ಕಂಡ್ ಹೋದ್ರೆ ಹೊರೋರು ದಾರಿ ಉದ್ದುಕ್ಕೂ ನನ್ನ ಬೈತಾರೆ. ಬದುಕಿದ್ದಾಗ ಬೈಸ್ಕೊಂಡಿದ್ದು ಸಾಕು. ಬರ್ಕಳವ್ವಾ, ಭದ್ರಮ್ಮ ಕಣ ಕೊಟ್ಲು ಅಂತ. ರಾತ್ರಿ ಮಗ ಸೊಸೆ ಜತೆ ಮಾತಾಡಿದ್ದೀನಿ. ಸೊಸೆ ಅತ್ತಳು. ಅದ್ನೂ ಬರ್ಕ."

ಉಷಾರಾಣಿ ಒಂದೊಂದೇ ಮಾತನ್ನು ತಮಿಳಿಗೆ ತಂದಳು. ಸೊಸೆ ಅತ್ತದ್ದನ್ನೂ ಬಿಡಲಿಲ್ಲ. ಮೇಡಂ ಬರೆದುಕೊಳ್ಳುತ್ತಿದ್ದರು, ಅಷ್ಟನ್ನೂ ಬರೆದರೋ, ಕಣದ ಅಳತೆಯನ್ನಷ್ಟೇ ಬರೆದರೋ ಅವಳಿಗೆ ಕಾಣಿಸಲಿಲ್ಲ. ಬರೆದು ಮುಗಿಸಿ ತಲೆಯೆತ್ತಿ, ನಕ್ಷೆ ತಿದ್ದಿ ಮೇಲಕ್ಕೆ ಕಳಿಸುತ್ತೇನೆ, ಇಲ್ಲಿಯೇ ಆಗಬೇಕೆಂದು ಬರೆಯುತ್ತೇನೆ ಎಂದರು. ನಡೆಯಿರಿ, ಜಾಗ ತೋರಿಸಿ ಎಂದು ಎದ್ದರು.

ಕಣಕ್ಕೆ ಎಲ್ಲರೂ ಹೊರಟರು. ಸಗಣಿ ಸಾರಿಸಿದ ನೆಲದ ತುಂಬ ಹುರುಳಿ ಹರವಿತ್ತು. ಕಿರಣ್‌ಕುಮಾರ್ ನಡುವೆ ಕಾಲಿಡಲು ಜಾಗ ಹುಡುಕುತ್ತಿದ್ದಂತೆ ಭದ್ರಮ್ಮ ಕೈ ಅಡ್ಡ ಹಿಡಿದಳು.

"ತಡಿ ಮಗ, ಗೂಟ ಹೊಡಿಯೋಕ್ ಮುಂಚೆ ಹುರುಳಿ ಬಾಚ್ಕಂಬುಡ್ತೀನಿ."

"ಎಷ್ಟು ಹೊತ್ತಾಗುತ್ತದಂತೆ?" ಎಂದು ಮೇಡಂ ತಮಿಳಿನಲ್ಲಿ ಕೇಳಿದರು.

ಉಷಾರಾಣಿ ಆ ಪ್ರಶ್ನೆಯನ್ನು ಕನ್ನಡಿಸಲಿಲ್ಲ. ಚಪ್ಪಲಿ ಬಿಟ್ಟು, ದುಪ್ಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಭದ್ರಮ್ಮನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈಗಳಿಂದ ಕಾಳು ಬಾಚತೊಡಗಿದಳು. ಅಂಜಮ್ಮ ಗೋಣಿಚೀಲ ಹಿಡಿದು ಬಂದಳು. ಮೇಡಂ ಬೇಲಿಯ ನೆರಳಿಗೆ ಸರಿದು ನಿಂತರು. ಕಿರಣ್‌ಕುಮಾರ್ ಒಂದು ಕೈಯಲ್ಲಿ ಗೂಟ, ಇನ್ನೊಂದು ಕೈಯಲ್ಲಿ ಸುತ್ತಿಗೆ ಹಿಡಿದು, ಕೊನೆಯ ಹಿಡಿ ಹುರುಳಿ ಚೀಲ ಸೇರುವುದನ್ನೇ ಕಾಯುತ್ತಿದ್ದ.