ಬಿಟ್ಟುಕೊಟ್ಟ ಇಳಿಜಾರು

ಯಸಳೂರು ಕಡೆಯ ದಯಾನಂದನ ಬಾಯಲ್ಲಿ ಹೊಗೆಸೊಪ್ಪು ಇಲ್ಲದ ಹೊತ್ತನ್ನು ನೋಡಿದವಳು ಅವನ ಅಮ್ಮನ ಹೆರಿಗೆ ಮಾಡಿಸಿದ ಸೂಲಗಿತ್ತಿ ಒಬ್ಬಳೇ. ಅವಳೂ ಆಣೆ ಇಟ್ಟು ಹೇಳುತ್ತಿರಲಿಲ್ಲ. ಅವನ ಅಕ್ಕ ತನುಜಾ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಭಾನುವಾರ ತಪ್ಪದೆ ಫೋನು ಮಾಡುವಳು, ‘ಉಗಿಯೋ ಅದನ್ನ’ ಅನ್ನುವುದೇ ಅವಳ ಮೊದಲ ಮಾತು. ಆ ಮಾತು ಸಮುದ್ರ ದಾಟಿ, ಘಾಟಿ ಹತ್ತಿ, ಬಿಸಿಲೆ ಕಾಡಿನಲ್ಲಿ ಒಂದಿಷ್ಟು ದಾರಿ ತಪ್ಪಿ, ಆನೆಗಳನ್ನು ಕೇಳಿಕೊಂಡು ಮನೆಯ ಜಗಲಿ ಮುಟ್ಟುವಷ್ಟರಲ್ಲಿ ದಯಾನಂದ ಒಂದು ಸಲ ಉಗಿದು ಇನ್ನೊಂದು ಎಸಳನ್ನು ಅಂಗೈಯಲ್ಲಿ ತಿಕ್ಕುತ್ತಾ ಕೂತಿರುತ್ತಿದ್ದ. ಆಯ್ತು ಉಗಿದೆ ಕಣಕ್ಕ ಅನ್ನುತ್ತಿದ್ದ. ಅದು ಸುಳ್ಳೂ ಅಲ್ಲ.

ಈ ಸಲ ತನುಜಾ ಅಪ್ಪ ಶಾಂತಮಲ್ಲಪ್ಪನವರ ವರ್ಷದ ಕಾರ್ಯಕ್ಕೆ ಬಂದಿದ್ದಳು. ಆ ಮನೆಯವರು ಸತ್ತವರನ್ನು ತಮ್ಮ ತೋಟದಲ್ಲೇ ಮಣ್ಣು ಮಾಡುತ್ತಾರೆ. ತೋಟದ ಮೇಲ್ಗಡೆ ಒಂದು ಇಳಿಜಾರು, ಅದರಲ್ಲೊಂದು ನೇರಳೆ ಮರ. ಅಮ್ಮ ಪಾರ್ವತಮ್ಮ ಮೊದಲಿಂದ ಅಲ್ಲಿದ್ದರು, ಈಗ ಪಕ್ಕದಲ್ಲಿ ಅಪ್ಪ. ಅಮ್ಮನ ಇನ್ನೊಂದು ಮಗ್ಗುಲು ಖಾಲಿ. ತನುಜಾಳಿಗೆ ಬೇಕಾಗಿದ್ದು ಆ ಇಳಿಜಾರು. ಅಲ್ಲೊಂದು ಸಣ್ಣ ಮನೆ, ವರ್ಷದಲ್ಲಿ ಅರ್ಧ ಐರ್ಲೆಂಡಿನಲ್ಲಿ ತನ್ನ ಮಗಳ ಹತ್ತಿರ, ಅರ್ಧ ಇಲ್ಲಿ, ಕೊನೆಗೊಂದು ದಿನ ಪೂರ್ತಿ ಇಲ್ಲಿ, ಆ ಖಾಲಿ ಮಗ್ಗುಲಲ್ಲಿ.

ಬೇಗ ಆಗಬೇಕಿತ್ತು ಕೂಡ. ದಯಾನಂದನ ಮಗ ಸಂಜಯ್ ಅದೇ ಇಳಿಜಾರಿನಲ್ಲಿ ಪ್ರವಾಸಿಗರಿಗೆ ಟೆಂಟು ಹಾಕಲು ಗೂಟ ಹೊಡೆದಿದ್ದ. ಅತ್ತೆ ಹೆಸರಿಗೆ ಆಗೋದಾದ್ರೆ ಗೂಟ ಕಿತ್ತುಕೊಳ್ಳುತ್ತೇನೆ, ಅಪ್ಪನ ಹೆಸರಲ್ಲೇ ಇರೋದಾದ್ರೆ ನಾಳೆ ನಂದೇ ಅಲ್ವಾ ಅಂತ ನೇರವಾಗಿ ಹೇಳಿದ್ದ. ಕೆಟ್ಟ ಹುಡುಗನಲ್ಲ, ಲೆಕ್ಕದವನು.

ತನುಜಾಳೂ ಲೆಕ್ಕದವಳೇ. ಐರ್ಲೆಂಡಿನದೇ ಪೌರತ್ವ ತೆಗೆದುಕೊಂಡಿದ್ದಳು. ಅಲ್ಲಿ ಫೀಸು ಕೊಟ್ಟು ಒಬ್ಬ ಸಲಹೆಗಾರನ ಮುಂದೆ ಕೂತು ಪೆನ್ಶನ್ನು ಎಲ್ಲಿ ಇಳಿಸಿಕೊಳ್ಳಬೇಕು, ಯಾವ ದೇಶಕ್ಕೆ ಎಷ್ಟು ತೆರಿಗೆ, ಯಾವ ಖಾತೆಯಿಂದ ಯಾವ ಖಾತೆಗೆ ದುಡ್ಡು ಹಾಯಿಸಬೇಕು, ಎಲ್ಲ ಕೇಳಿಕೊಂಡಿದ್ದಳು. ಆತ ಕೊನೆಗೆ, ಇಂಡಿಯಾದಲ್ಲಿ ನಿಮ್ಮ ಆಸ್ತಿ ಏನಾದರೂ ಇದೆಯೇ ಅಂತ ಕೇಳಿದ. ತನುಜಾ ಇಲ್ಲ ಅಂದಳು. ಅಪ್ಪ ತೀರಿಹೋಗಿ ಆಗಲೇ ತಿಂಗಳುಗಳಾಗಿದ್ದವು. ತೋಟದಲ್ಲಿ ತನಗೆ ಪಾಲಿದೆ ಅನ್ನುವುದು ಅವಳಿಗೆ ಗೊತ್ತಿತ್ತು. ಆದರೆ ಅದನ್ನು ಆಸ್ತಿ ಅಂತ ಬಾಯಿಬಿಟ್ಟು ಹೇಳುವ ಹೆಣ್ಣುಮಗಳನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕುಂದೂರಿಗೆ ಕೊಟ್ಟ ಸೋದರತ್ತೆ ಪಾಲು ಕೇಳಿದ ವರ್ಷದಿಂದ ಗೌರಿಹಬ್ಬಕ್ಕೆ ಅವಳನ್ನು ಕರೆಯುವುದನ್ನೇ ಮನೆಯವರು ನಿಲ್ಲಿಸಿದ್ದರು. ಅವಳು ಸತ್ತಾಗ ತವರಿನ ಸೀರೆ ಹೋಗುವುದೂ ತಡವಾಯಿತು.

ಹಾಗಾಗಿ ತನುಜಾ ಮರ್ಯಾದೆಯ ದಾರಿ ಹಿಡಿದಳು. ಮೊದಲು ಎಲ್ಲ ಹೆಣ್ಣುಮಕ್ಕಳ ಹಾಗೆ ಪಾಲು ಬಿಟ್ಟುಕೊಡುವುದು. ಆಮೇಲೆ ತಾನು ದುಡಿದ ದುಡ್ಡು ಕೊಟ್ಟು ಇಳಿಜಾರನ್ನು ಕ್ರಯಕ್ಕೆ ತೆಗೆದುಕೊಳ್ಳುವುದು. ಕಿತ್ತುಕೊಂಡಳು ಅನ್ನುವ ಮಾತಿಲ್ಲ, ಕೊಂಡಳು ಅನ್ನುವ ಮಾತು.

ಸೋಮವಾರ ಜೀಪಿನಲ್ಲಿ ಸಕಲೇಶಪುರಕ್ಕೆ ಹೋಗಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಸಹಿ ಹಾಕಿದಳು. ಹೊರಗೆ ಬಂದದ್ದೇ ದಯಾನಂದನ ಹೆಂಡತಿ ವಾಣಿ ಅಲ್ಲೇ ಜೀಪಿನ ಪಕ್ಕದಲ್ಲಿ ಅವಳಿಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ಸೀರೆ ಇಟ್ಟು ಮಡಿಲು ತುಂಬಿದಳು. ವಾಣಿಯ ಕಣ್ಣಲ್ಲಿ ನೀರಿತ್ತು. ದಯಾನಂದ ಹೊಗೆಸೊಪ್ಪನ್ನು ದವಡೆಯಿಂದ ದವಡೆಗೆ ಬದಲಾಯಿಸುತ್ತಾ ಆಕಾಶ ನೋಡುತ್ತಿದ್ದ.

ಅದೇ ರಸ್ತೆಯಲ್ಲಿ ಕಾಫಿ ಮಂಡಿಯ ಮಹಡಿ ಮೇಲೆ ಆಡಿಟರ್ ಸುನಿಲ್‌ಕುಮಾರ್ ಆಫೀಸು. ಐರ್ಲೆಂಡಿನಿಂದ ದುಡ್ಡು ತರಿಸುವುದು ಹೇಗೆಂದು ಕೇಳಿಬಿಡೋಣ ಅಂತ ತನುಜಾ ಮಡಿಲಕ್ಕಿ ಸಮೇತ ಮೆಟ್ಟಿಲು ಹತ್ತಿದಳು. ಆತ ಎರಡು ದೇಶದ ತೆರಿಗೆಯ ವಿಷಯವನ್ನು ಸಲೀಸಾಗಿ ಬಿಡಿಸಿ ಹೇಳಿದ. ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆಯಬಹುದು, ಹೆದರಬೇಡಿ ಅಂದ. ಕಾಫಿ ತರಿಸಿದ. ಈ ದುಡ್ಡಲ್ಲಿ ಏನು ಮಾಡ್ತೀರಿ ಅಂತ ಕೇಳಿದ. ತಮ್ಮನ ಹತ್ತಿರ ಒಂದಿಷ್ಟು ತೋಟ ತೆಗೆದುಕೊಳ್ಳುತ್ತೇನೆ ಅಂದಳು.

ಆತ ಲೋಟ ಕೆಳಗಿಟ್ಟ.

“ಹೊರದೇಶದಲ್ಲಿ ವಾಸ ಇರೋರು ತೋಟ, ಗದ್ದೆ ಕೊಳ್ಳಕ್ಕೆ ಆಗಲ್ಲ ಮೇಡಂ.”

“ಒಡಹುಟ್ಟಿದ ತಮ್ಮನ ಹತ್ರನೂ?”

“ತಮ್ಮನ ಹತ್ರನೂ. ಅವರು ಸುಮ್ನೆ ದಾನ ಕೊಟ್ರೂ ತಗೊಳ್ಳೋ ಹಾಗಿಲ್ಲ. ಅಪ್ಪ ಅಮ್ಮನಿಂದ ವಾರಸಾಗಿ ಬಂದಿದ್ರೆ ಮಾತ್ರ ಇಟ್ಕೋಬೋದು. ನಿಮಗೆ ಪಾಲು ಬರ್ಬೇಕಲ್ಲ? ಅದ್ರಲ್ಲೇ ಆ ಜಾಗ ಇಸ್ಕೊಂಡ್ಬಿಡಿ, ಒಂದು ರೂಪಾಯಿ ಖರ್ಚಿಲ್ಲ.”

ತನುಜಾ ಮಡಿಲಿನ ಗಂಟು ನೋಡಿದಳು. ಆತನೂ ನೋಡಿದ. ಎಷ್ಟು ಹೊತ್ತಿಗೆ ಸಹಿ ಆಯಿತು ಅಂತ ಕೇಳಿದ. ಈಗಷ್ಟೆ, ಕಾಫಿಗೆ ಮುಂಚೆ ಅಂದಳು. ಆತ ಪರಿಚಯದ ವಕೀಲರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ವಕೀಲರು ಹೇಳಿದ್ದೂ ಅದೇ. ಬಿಟ್ಟದ್ದು ಬಿಟ್ಟ ಹಾಗೆ, ತಿರುಗಿ ಕೊಟ್ಟರೆ ಅದು ದಾನವಾಗುತ್ತದೆ. ಉಳಿದ ದಾರಿ ಒಂದೇ: ತಮ್ಮ ವಿಲ್ ಬರೆದಿಡಬೇಕು. ಅವನ ಕಾಲಾನಂತರ ಅಕ್ಕನಿಗೆ ಬರಬಹುದು. ಕಾಲಾನಂತರ ಅನ್ನುವ ಮಾತನ್ನು ಆತ ಮೆಲ್ಲಗೆ ಹೇಳಿದ.

ತನುಜಾಳಿಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟರೆ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ ಅನ್ನಿಸಿತು. ಕಾಫಿ ಪೂರ್ತಿ ಕುಡಿದಳು. ಥ್ಯಾಂಕ್ಸ್ ಹೇಳಿದಳು. ಮೆಟ್ಟಿಲಿಳಿಯುವಾಗ ಕೆಳಗಿನ ಮಂಡಿಯಲ್ಲಿ ಮೆಣಸು ತೂಗುತ್ತಿದ್ದರು. ಊರವರೆಲ್ಲ ಸೀನುವ ಘಾಟು. ಅವಳಿಗೆ ಒಂದು ಸೀನೂ ಬರಲಿಲ್ಲ.

ಜೀಪಿನಲ್ಲಿ ಎಲ್ಲವನ್ನೂ ಹೇಳಿದಳು, ರೋಗಿಯ ಮನೆಯವರಿಗೆ ರಿಪೋರ್ಟು ಓದುವ ಹಾಗೆ. ವಾಣಿ ಬಾಯಿಗೆ ಸೆರಗು ಹಿಡಿದಳು. ದಯಾನಂದ ಮೊದಲ ತಿರುವಿನಲ್ಲಿ ಗೇರು ಬದಲಾಯಿಸಿ ಹೊರಗೆ ಉಗಿದ. ಆಮೇಲೆ ಅವನ ಬಾಯಿ ಬಿಚ್ಚಿಕೊಂಡಿತು.

“ಅಷ್ಟೇ ತಾನೇ ಅಕ್ಕ? ನಾಳೆನೇ ವಿಲ್ ಬರುಸ್ಬುಡ್ತೀನಿ. ಆಮ್ಯಾಕೆ ಪಟ್ ಅಂತ ಸತ್ತೋಗ್ಬುಟ್ರಾಯ್ತು, ನೀನು ಮನೆ ಕಟ್ಕೊ.”

“ನಾನು ನಿನಗಿಂತ ದೊಡ್ಡೋಳು ಕಣೋ.”

“ಅಯ್ಯೋ ಮಾರಾಯ್ತಿ, ಅದ್ಕೇ ಹೇಳ್ತಿರೋದು, ನಾನೇ ಒಸಿ ಅರ್ಜೆಂಟ್ ಮಾಡ್ಬೇಕಾಯ್ತದೆ.”

ವಾಣಿ ಅವನ ಬೆನ್ನಿಗೆ ಗುದ್ದಿದಳು. ಅವನು ನಗುತ್ತಲೇ ಇದ್ದ, ಸ್ಟೇರಿಂಗು ಮಾತ್ರ ಗಟ್ಟಿಯಾಗಿ ಹಿಡಿದಿದ್ದ. ಮಾತಿಗೆ ತಪ್ಪದವನು. ಮಾರನೆಯ ದಿನವೇ ಹೋಗಿ ಇಳಿಜಾರು ಅಕ್ಕನಿಗೆ ಅಂತ ವಿಲ್ ಬರೆಸಿ ರಿಜಿಸ್ಟರ್ ಮಾಡಿಸಿದ. ಸಂಜಯ್ ಮಾತ್ರ ಗೂಟಗಳನ್ನು ಕೀಳಲಿಲ್ಲ.

ಇನ್ನು ದಯಾನಂದನ ಮೈಕಟ್ಟನ್ನು ಹೇಳಬೇಕೆಂದರೆ, ಮೆಣಸಿನ ಬಳ್ಳಿಯಿರುವ ಮರಕ್ಕೆ ಏಣಿಯಿಲ್ಲದೆ ಹತ್ತುತ್ತಿದ್ದ. ಒಮ್ಮೆ ಹತ್ತಿದವನು ತುದಿಯಲ್ಲಿ ನಿಂತು ಎಡಕುಮೇರಿ ಸ್ಟೇಷನ್ನಿನಲ್ಲಿ ರೈಲು ಬಂತಾ ಅಂತ ನೋಡಿ, ಗಾರ್ಡನಿಗೆ ಕೈ ಬೀಸಿ ಇಳಿದನಂತೆ. ಗಾರ್ಡನೂ ಬೀಸಿದನಂತೆ. ಅಂಥವನು ಅಂಗಳದಲ್ಲಿ ಕಾಫಿ ಮೂಟೆ ಹೊರುವುದನ್ನು ತನುಜಾ ಜಗಲಿ ಮೇಲೆ ಕೂತು ನೋಡುತ್ತಿದ್ದಳು. ಮೂಟೆ ಇಳಿಸಿದಾಗ ಅವನ ಉಸಿರು ಹೇಗಿದೆ ಅಂತ ಕಿವಿ ಕೊಡುತ್ತಿದ್ದಳು. ಮೂವತ್ತು ವರ್ಷ ದುಡಿದ ನರ್ಸಿನ ಕಿವಿ, ತಾನಾಗಿಯೇ ಹೋಗುತ್ತದೆ. ಉಸಿರು ಸಲೀಸಾಗಿತ್ತು. ಹಾಗೆ ತಿಳಿದ ಮೇಲೆ ತನಗೆ ಏನನ್ನಿಸಿತು ಅಂತ ಒಳಗೆ ಹುಡುಕಿದಳು. ಏನೂ ಸಿಗಲಿಲ್ಲ.

ಹೊರಡುವ ಹಿಂದಿನ ಸಂಜೆ ಅಕ್ಕ, ತಮ್ಮ, ವಾಣಿ ಮೂವರೂ ಜಗಲಿಯಲ್ಲಿ ಕೂತಿದ್ದರು. ಒಳಗೆ ಅವಳ ಸೂಟ್‌ಕೇಸಿನಲ್ಲಿ ಮಡಿಲಿನ ಸೀರೆ ಎಲ್ಲಕ್ಕಿಂತ ಮೇಲಿತ್ತು. ದಯಾನಂದ ಸೊಂಟದ ಚೀಲ ಬಿಚ್ಚಿ, ಹೊಗೆಸೊಪ್ಪಿನ ಎಸಳಿಗೆ ಸುಣ್ಣ ಸವರಿ, ಅಂಗೈಯಲ್ಲಿ ತಿಕ್ಕಿದ. ತಿಕ್ಕಿ, ಅಕ್ಕನ ಕಡೆ ನೋಡುತ್ತಾ ಕೈ ಹಾಗೇ ಹಿಡಿದ. ಬೈಗುಳ ಬಿದ್ದ ಮೇಲೆಯೇ ಬಾಯಿಗೆ ಹಾಕಿಕೊಳ್ಳುವುದು ಅವನ ರೂಢಿ. ಅದಿಲ್ಲದೆ ಅವನಿಗೆ ರುಚಿ ಹತ್ತುತ್ತಿರಲಿಲ್ಲ.

ತನುಜಾ ಅಂಗಳದಾಚೆ ನೇರಳೆ ಮರವನ್ನು ನೋಡುತ್ತಿದ್ದಳು.

ದಯಾನಂದ ಇನ್ನೊಂದು ಸಲ ತಿಕ್ಕಿದ. ಧೂಳು ಊದಿದ. ಆಮೇಲೆ ಬಾಯಿಗೆ ಹಾಕಿಕೊಂಡ.

“ಯಾಕತ್ತಿಗೆ,” ಅಂದಳು ವಾಣಿ, “ಇವತ್ತು ಇವ್ರಿಗೆ ಬೈಲೇ ಇಲ್ವಲ್ಲ.”

ತನುಜಾ ಬಾಯಿ ತೆರೆದಳು. ಮಾತು ಒಳಗೆ ಎಲ್ಲೋ ಹೊರಟಿತ್ತು, ಆದರೆ ಐರ್ಲೆಂಡಿನಿಂದ ಬರುವ ಹಾಗೆ, ಸಮುದ್ರ ದಾಟಿ, ಘಾಟಿ ಹತ್ತಿ ಬರಬೇಕಿತ್ತು.

“ಉಗಿಯೋ ಅದನ್ನ,” ಅಂದಳು ಕೊನೆಗೆ.

ದಯಾನಂದ ಅವಳ ಮುಖವನ್ನೇ ನೋಡಿದ. ಎದ್ದು ಅಂಗಳದ ಅಂಚಿಗೆ ಹೋಗಿ ಪೂರ್ತಿ ಉಗಿದು, ನೀರು ತುಂಬಿಕೊಂಡು ಬಾಯಿ ಮುಕ್ಕಳಿಸಿದ. ತಿರುಗಿ ಬಂದು ಅಕ್ಕನಿಂದ ಒಂದು ಕಂಬದಾಚೆ ಕೂತ. ಚೀಲ ಸೊಂಟದಲ್ಲೇ ಇತ್ತು. ಕೈ ಅದರ ಕಡೆ ಹೋಗಲಿಲ್ಲ.